ಕಡತದಿಂದ ಮೋಡದವರೆಗೆ

ಕೆಲವು ಮಾತುಗಳು ತಾವು ಸೂಚಿಸುತ್ತಿದ್ದ ವಸ್ತು ಮರೆಯಾದ ಮೇಲೂ ಭಾಷೆಯಲ್ಲಿ ಉಳಿದುಬಿಡುತ್ತವೆ. ‘ಕಡತ’ ಅಂಥದೊಂದು ಮಾತು. ಪುತ್ತೂರು, ಸುಳ್ಯ, ಕಡಬದ ತಾಲೂಕು ಕಚೇರಿಗಳಲ್ಲಿ ಇಂದು ಕಡತವೆಂದರೆ ದಾರ ಕಟ್ಟಿದ ಕಾಗದದ ಕಟ್ಟು. ಕಂಪ್ಯೂಟರಿನ ‘ಫೈಲ್’ ಎಂಬುದಕ್ಕೂ ನಾವು ಅದೇ ಹೆಸರನ್ನು ಕೊಟ್ಟಿದ್ದೇವೆ. ಆದರೆ ಇನ್ನೂರು ವರ್ಷಗಳ ಹಿಂದೆ ಕಡತ ಕಾಗದವೇ ಆಗಿರಲಿಲ್ಲ. ಅದು ಬಟ್ಟೆ.

ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಎರಡೂ ಕಡೆ ಇದ್ದಿಲ ಪುಡಿ ಬೆರೆಸಿದ ಸರಿ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಬೀಸಣಿಗೆಯ ಹಾಗೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ತಪ್ಪಿದರೆ ಒರೆಸಿ ತಿದ್ದಬಹುದಾಗಿತ್ತು. ಹಾಗೆಯೇ ಬಿಟ್ಟರೆ ತಲೆಮಾರುಗಳ ಕಾಲ ಬಾಳುತ್ತಿತ್ತು. ಶೃಂಗೇರಿ ಮಠದಲ್ಲಿ ಉಳಿದಿರುವ ಕಡತಗಳು ಇದಕ್ಕೆ ಸಾಕ್ಷಿ.

ಕಪ್ಪು ಹಲಗೆ, ಬಿಳಿ ಅಕ್ಷರ, ಬೇಕಾದಾಗ ತಿದ್ದುವ ಅನುಕೂಲ: ಕಂಪ್ಯೂಟರಿನ ಹಳೆಯ ಕರಿಪರದೆಯನ್ನು ನೋಡಿದವರಿಗೆ ಈ ವರ್ಣನೆ ತೀರ ಅಪರಿಚಿತವೆನಿಸಲಾರದು. ಆದರೆ ಕಡತಕ್ಕೆ ಒಂದು ದೊಡ್ಡ ಕೊರತೆ ಇತ್ತು. ಅದು ಶಾನುಭಾಗರ ಮನೆಯಲ್ಲೋ ಕಚೇರಿಯಲ್ಲೋ ಸಾಮಾನ್ಯವಾಗಿ ಒಂದೇ ಒಂದು ಪ್ರತಿಯಾಗಿ ಇರುತ್ತಿತ್ತು. ಬಟ್ಟೆ ಎಷ್ಟೇ ಬಾಳಿಕೆಯದಾದರೂ ಅದಿದ್ದ ಮನೆ ಸುಟ್ಟರೆ ಲೆಕ್ಕವೂ ಸುಟ್ಟಂತೆಯೇ. ಬರೆದಿಡುವುದು ಒಂದು ವಿದ್ಯೆ, ಬರೆದುದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು ಮತ್ತೊಂದು ವಿದ್ಯೆ. ಮೊದಲನೆಯದು ಮನುಷ್ಯನಿಗೆ ಬೇಗ ಒಲಿಯಿತು. ಎರಡನೆಯದನ್ನು ಅವನು ಇನ್ನೂ ಕಲಿಯುತ್ತಲೇ ಇದ್ದಾನೆ. ಇಂದು ಕಂಪ್ಯೂಟರಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಕಡತಗಳನ್ನು ‘ಕ್ಲೌಡ್’ ಎಂಬ ದೂರದ ಉಗ್ರಾಣಕ್ಕೆ ರವಾನಿಸುವುದು ಈ ಎರಡನೆಯ ವಿದ್ಯೆಯ ಈಚಿನ ಪಾಠ.

ಬೆಳ್ಳಾರೆಯ ಖಜಾನೆ, ಮಂಗಳೂರಿನ ಬೆಂಕಿ

ಲೆಕ್ಕಪತ್ರ ಎಂಬುದು ನಿರ್ಜೀವ ವಸ್ತುವಲ್ಲ ಎಂಬುದನ್ನು ಈ ಸೀಮೆಯ ಜನ ಬಲು ಹಿಂದೆಯೇ ಅನುಭವದಿಂದ ಅರಿತಿದ್ದಾರೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಂದಾಯ ಗೊತ್ತುಪಡಿಸಲು ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಪತ್ರಗಳನ್ನು ಕೆದಕಿ, ಹಿಂದಿನ ಅರಸರ ಕಾಲದಲ್ಲಿ ಯಾವ ಭೂಮಿಗೆ ಎಷ್ಟು ತೆರಿಗೆ ಇತ್ತೆಂದು ಲೆಕ್ಕ ಹಾಕಿದ. ಯಾರ ಹೆಸರು ಹಾಳೆಯಲ್ಲಿತ್ತೋ ಅವರದು ಭೂಮಿ. ಯಾವ ಅಂಕಿ ಹಾಳೆಯಲ್ಲಿತ್ತೋ ಅದೇ ತೆರಿಗೆ.

ಸುಳ್ಯದ ಅಮರ ಮಾಗಣೆ ಮತ್ತು ಪುತ್ತೂರು ಸೀಮೆ ಆಗ ಕೆಲಕಾಲ ಕೊಡಗಿನ ಅರಸರ ಆಡಳಿತದಲ್ಲಿದ್ದವು. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿದಾಗ ಈ ಪ್ರದೇಶವನ್ನು ಕೆನರಾಕ್ಕೆ ವರ್ಗಾಯಿಸಿತು. ಊರು ಕದಲಲಿಲ್ಲ, ಗದ್ದೆ ಕದಲಲಿಲ್ಲ. ದಾಖಲೆ ಮಾತ್ರ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಯಿತು. ಆದರೆ ಅದರೊಂದಿಗೆ ಕಂದಾಯದ ರೀತಿಯೂ ಬದಲಾಯಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ತೆರಿಗೆಯನ್ನು ನಗದಾಗಿ ಕೊಡಬೇಕಾಯಿತು. ರೈತರ ಸಿಟ್ಟು ಕುದಿಯಿತು. 1837ರ ಮಾರ್ಚ್ 30ರಂದು ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳತ್ವದಲ್ಲಿ ಬಂಡುಕೋರರು ಬೆಳ್ಳಾರೆಯ ಸರ್ಕಾರಿ ಖಜಾನೆಯನ್ನು ವಶಪಡಿಸಿಕೊಂಡರು. ಏಪ್ರಿಲ್ 5ರ ಹೊತ್ತಿಗೆ ಮಂಗಳೂರು ಅವರ ಕೈಯಲ್ಲಿತ್ತು. ಸುಮಾರು ಎರಡು ವಾರ ಅಲ್ಲಿ ಕಂಪನಿಯ ಆಡಳಿತವೇ ಇರಲಿಲ್ಲ. ಜನ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ನೆನಪಿಟ್ಟುಕೊಂಡ ದಂಗೆ ಇದೇ.

ಆ ದಿನಗಳಲ್ಲಿ ಮಂಗಳೂರಿನ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಕಚೇರಿ ಉರಿದಾಗ ಒಳಗಿನ ಕಡತಗಳ ಗತಿ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ರೈತನ ಸಿಟ್ಟು ಲೆಕ್ಕದ ಮೇಲೆ ತಿರುಗುವುದು ಜಗತ್ತಿನ ಹಲವು ರೈತದಂಗೆಗಳಲ್ಲಿ ಕಾಣುವ ಸಂಗತಿಯೇ. ನಮಗೆ ಇಲ್ಲಿ ಮುಖ್ಯವಾದುದು ಇಷ್ಟೇ: ಎಲ್ಲ ದಾಖಲೆಯೂ ಒಂದೇ ಮಾಡಿನಡಿ ಇದ್ದರೆ ಒಂದೇ ಕಿಡಿ ಸಾಕು.

ಬೆಂಕಿಯಲ್ಲದಿದ್ದರೆ ನೀರು. ಕುಮಾರಧಾರೆಯೂ ನೇತ್ರಾವತಿಯೂ ಕೂಡುವ ಉಪ್ಪಿನಂಗಡಿಯಲ್ಲಿ 1923ರ ಮಹಾನೆರೆಯನ್ನು ಹಿರಿಯರು ‘ಮಾರಿಬೊಳ್ಳ’ ಎಂದೇ ಕರೆಯುತ್ತಿದ್ದರು. 1974ರಲ್ಲಿ ಮತ್ತೊಮ್ಮೆ ದೊಡ್ಡ ನೆರೆ ಬಂತು. ನೆರೆ ನುಗ್ಗಿದ ಮನೆಯಲ್ಲಿ ಪೆಟ್ಟಿಗೆಯೊಳಗಿನ ಜಾತಕ, ಕರಾರುಪತ್ರ, ಓಲೆಗರಿ ಎಲ್ಲವೂ ಒಂದೇ ಪಾಲು.

ಓಲೆಗರಿ ಕಲಿಸಿದ ಪಾಠ

ಹಾಗಾದರೆ ನಮ್ಮ ಹಿರಿಯರ ಗ್ರಂಥಗಳು ಶತಮಾನಗಳನ್ನು ದಾಟಿ ಬಂದದ್ದು ಹೇಗೆ? ಉತ್ತರ ಸರಳ: ನಕಲು ಮಾಡಿ. ತಾಳೆಗರಿಯ ಆಯುಷ್ಯ ಎಷ್ಟೇ ದೀರ್ಘವೆಂದರೂ ಕರಾವಳಿಯ ತೇವ, ಗೆದ್ದಲು, ಇಲಿಗಳ ನಡುವೆ ಅದಕ್ಕೊಂದು ಮಿತಿ ಇದೆ. ಗ್ರಂಥ ಉಳಿದಿರುವುದು ಗರಿಯ ಬಲದಿಂದಲ್ಲ, ಒಂದು ಗರಿಯಿಂದ ಇನ್ನೊಂದು ಗರಿಗೆ ಇಳಿಸುತ್ತಾ ಹೋದ ಲಿಪಿಕಾರನ ಬೆನ್ನುನೋವಿನಿಂದ. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುವ ಮಾತುಗಳನ್ನು ಗಮನಿಸಿ. ಎಣ್ಣೆ, ನೀರು, ಸಡಿಲಕಟ್ಟುಗಳಿಂದ ಗ್ರಂಥವನ್ನು ಕಾಪಾಡಬೇಕೆಂದು ಅವರು ಬೇಡುತ್ತಾರೆ. ತಾವು ಕಂಡದ್ದನ್ನು ಕಂಡಂತೆಯೇ ಬರೆದಿರುವುದಾಗಿ, ದೋಷವಿದ್ದರೆ ಮನ್ನಿಸಬೇಕಾಗಿ ಕೋರುತ್ತಾರೆ. ಸುರಕ್ಷತೆ ಮತ್ತು ಶುದ್ಧತೆ ಎಂಬ ಎರಡು ಚಿಂತೆಗಳೂ ಅಲ್ಲಿವೆ. ಮುಂದೆ ಕಾಣಲಿರುವಂತೆ, ಮೋಡಕ್ಕೆ ಕಡತ ಕಳುಹಿಸುವ ಎಂಜಿನಿಯರನ ಚಿಂತೆಗಳೂ ಇವೇ ಎರಡು.

ನಕಲು ನಿಂತರೆ ಏನಾಗುತ್ತದೆ ಎಂಬುದಕ್ಕೆ ತುಳುವಿನ ಉದಾಹರಣೆ ಕಣ್ಣೆದುರಿಗೇ ಇದೆ. ತುಳುವಿಗೆ ಪ್ರಾಚೀನ ಲಿಖಿತ ಸಾಹಿತ್ಯವೇ ಇಲ್ಲವೆಂದು ಬಹುಕಾಲ ವಿದ್ವಾಂಸರು ನಂಬಿದ್ದರು. ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿ, 1980ರ ದಶಕದಲ್ಲಿ ‘ಶ್ರೀ ಭಾಗವತೊ’, ‘ಕಾವೇರಿ’ ಕಾವ್ಯಗಳನ್ನು ಬೆಳಕಿಗೆ ತಂದ ಮೇಲೆ ಆ ನಂಬಿಕೆ ಮುರಿಯಿತು. ಒಂದು ಭಾಷೆಯ ಕಾವ್ಯಪರಂಪರೆ ಯಾವುದೋ ಮನೆಯ ಕಟ್ಟಿನಲ್ಲಿ ಮಲಗಿತ್ತು. ಆ ಕಟ್ಟು ಗೆದ್ದಲಿಗೆ ಸಿಕ್ಕಿದ್ದರೆ ಹಳೆಯ ನಂಬಿಕೆಯೇ ಸತ್ಯವಾಗಿ ಉಳಿದುಬಿಡುತ್ತಿತ್ತು. ಇಲ್ಲದಿದ್ದ ಗ್ರಂಥಕ್ಕೂ ಇದ್ದು ನಾಶವಾದ ಗ್ರಂಥಕ್ಕೂ ಚರಿತ್ರೆಯಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ. ಪ್ರತಿ ಮಾಡಿಡದ ಭಾಷೆಯ ನಷ್ಟ ಇಂಥದು.

ಅಚ್ಚಿನ ಯಂತ್ರ ಈ ಕಷ್ಟವನ್ನು ಬಹುಮಟ್ಟಿಗೆ ನೀಗಿತು. ನಾಲ್ಕು ದಶಕಗಳ ಕಾಲ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಬರೆಯುವುದರ ಜತೆಗೆ ಅಚ್ಚು ಹಾಕುವ ಕೆಲಸಕ್ಕೂ ಕೈಹಾಕಿದವರು. ಒಂದು ಪುಸ್ತಕದ ಸಾವಿರ ಪ್ರತಿ ಸಾವಿರ ಮನೆಗಳಿಗೆ ಹಂಚಿಹೋದರೆ ಯಾವ ಬೆಂಕಿಯೂ ಎಲ್ಲವನ್ನೂ ಸುಡಲಾರದು. ಮುದ್ರಣ ತನಗೆ ಅರಿವಿಲ್ಲದೆಯೇ ಮಾಡಿದ ದೊಡ್ಡ ಉಪಕಾರ ಇದು. ಆದರೆ ಅಚ್ಚಾಗದೆ ಉಳಿದ ಸಾಮಗ್ರಿಯೇ ಹೆಚ್ಚು: ಮನೆಯ ಲೆಕ್ಕದ ಪುಸ್ತಕ, ಸಂಘದ ನಡಾವಳಿ, ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟ ತಾಳಮದ್ದಳೆ, ಅಜ್ಜಿಯ ಬಾಯಿಂದ ಧ್ವನಿಮುದ್ರಿಸಿಕೊಂಡ ಪಾಡ್ದನ, ಅರೆಭಾಷೆಯ ಸೋಬಾನೆ. ಇವಕ್ಕೆ ಬೇರೆಯೇ ಉಪಾಯ ಬೇಕಿತ್ತು.

ಆಜ್ಞೆಯ ಸಾಲು

ಆ ಉಪಾಯ ಮೊಳೆತದ್ದು ಅಮೆರಿಕದಲ್ಲಿ. 1969ರ ಅಕ್ಟೋಬರ್ 29ರಂದು ಆರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಹೋಯಿತು. ಐದಕ್ಷರದ ‘ಲಾಗಿನ್’ ಪದದಲ್ಲಿ ಎರಡಕ್ಷರ ತಲಪುವಷ್ಟರಲ್ಲಿ ಯಂತ್ರ ಕುಸಿಯಿತು. ಅದೇ ಕಾಲಕ್ಕೆ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದ್ದರು.

ಆ ದಿನಗಳಲ್ಲಿ ಕಂಪ್ಯೂಟರಿಗೆ ಸಾಮಾನ್ಯವಾಗಿ ಚಿತ್ರದ ಪರದೆಯೂ ಇರುತ್ತಿರಲಿಲ್ಲ, ಮೌಸ್ ಎಂಬ ಇಲಿಯೂ ಇರುತ್ತಿರಲಿಲ್ಲ. ತಂತಿ ಕಚೇರಿಯ ಟೆಲಿಪ್ರಿಂಟರಿನಂಥ ಯಂತ್ರದ ಮುಂದೆ ಕೂತು ಒಂದು ಸಾಲಿನ ಅಪ್ಪಣೆಯನ್ನು ಟೈಪು ಮಾಡಬೇಕಿತ್ತು. ಯಂತ್ರ ಸೆಕೆಂಡಿಗೆ ಹತ್ತು ಅಕ್ಷರದಂತೆ ಕಟಕಟನೆ ಉತ್ತರ ಮುದ್ರಿಸುತ್ತಿತ್ತು. ಹೀಗಾಗಿ ಅಪ್ಪಣೆಗಳು ಆದಷ್ಟು ಚಿಕ್ಕದಾಗಿದ್ದಷ್ಟು ಒಳ್ಳೆಯದು. ಪ್ರತಿ ಮಾಡುವ ‘ಕಾಪಿ’ಗೆ ‘ಸಿಪಿ’, ಸ್ಥಳ ಬದಲಿಸುವ ‘ಮೂವ್’ಗೆ ‘ಎಂವಿ’, ಅಳಿಸುವ ‘ರಿಮೂವ್’ಗೆ ‘ಆರ್‌ಎಂ’. ಇದನ್ನೇ ‘ಕಮ್ಯಾಂಡ್ ಲೈನ್’, ಎಂದರೆ ಆಜ್ಞೆಯ ಸಾಲು ಎನ್ನುತ್ತಾರೆ. ಅರ್ಧ ಶತಮಾನ ಕಳೆದರೂ ಈ ಎರಡಕ್ಷರದ ಅಪ್ಪಣೆಗಳು ಹಾಗೆಯೇ ಬಳಕೆಯಲ್ಲಿವೆ.

ಒಂದು ಯಂತ್ರದಿಂದ ದೂರದ ಇನ್ನೊಂದಕ್ಕೆ ಕಡತ ಕಳುಹಿಸುವ ಕ್ರಮವನ್ನು ಮೊದಲು ಬರೆದಿಟ್ಟವರು ಒಬ್ಬ ಭಾರತೀಯರು ಎಂಬುದು ಅಷ್ಟಾಗಿ ಪ್ರಚಾರವಾಗದ ಸಂಗತಿ. ಕಾನ್ಪುರದ ಐಐಟಿಯಿಂದ 1965ರಲ್ಲಿ ಹೊರಬಂದ ಮೊದಲ ತಂಡದ ವಿದ್ಯಾರ್ಥಿ ಅಭಯ್ ಭೂಷಣ್ ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್ 16ರಂದು ಕಡತ ರವಾನೆಯ ನಿಯಮಾವಳಿಯನ್ನು ಪ್ರಕಟಿಸಿದರು. ‘ಎಫ್‌ಟಿಪಿ’ ಎಂದು ಮುಂದೆ ಹೆಸರಾದದ್ದು ಅದೇ. ಅಂಚೆಯಣ್ಣನಿಗೆ ವಿಳಾಸ ಬರೆಯುವ ಕ್ರಮ ಹೇಗೋ ಹಾಗೆ, ಯಾರು ಯಾರಿಗೆ ಏನನ್ನು ಕಳುಹಿಸುತ್ತಾರೆ, ತಲಪಿದ್ದಕ್ಕೆ ಏನೆಂದು ಉತ್ತರಿಸಬೇಕು ಎಂಬುದನ್ನು ಅದು ಗೊತ್ತುಪಡಿಸಿತು.

ಎಫ್‌ಟಿಪಿಗೆ ಎರಡು ದೋಷಗಳಿದ್ದವು. ಒಂದು, ಗುಟ್ಟಿನ ಪದವೂ ಪೋಸ್ಟ್‌ಕಾರ್ಡಿನ ಬರಹದಂತೆ ದಾರಿಯಲ್ಲಿ ಯಾರಿಗೆ ಬೇಕಾದರೂ ಕಾಣಿಸುವಂತಿತ್ತು. 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ರೂಪಿಸಿದ ‘ಎಸ್‌ಎಸ್‌ಎಚ್’ ಅದನ್ನು ಮೊಹರು ಮಾಡಿದ ಲಕೋಟೆಯೊಳಗೆ ಇಟ್ಟಿತು. ಎರಡು, ದೊಡ್ಡ ಕಡತದಲ್ಲಿ ಒಂದೇ ಪುಟ ಬದಲಾಗಿದ್ದರೂ ಇಡೀ ಕಡತವನ್ನು ಮತ್ತೆ ಕಳುಹಿಸಬೇಕಿತ್ತು. 1996ರ ಜೂನಿನಲ್ಲಿ ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಪ್ರಕಟಿಸಿದ ‘ಆರ್‌ಸಿಂಕ್’ ಇದಕ್ಕೆ ಜಾಣ ಪರಿಹಾರ ಕಂಡಿತು. ಕಡತವನ್ನು ತುಂಡುಗಳಾಗಿ ಭಾಗಿಸಿ, ಪ್ರತಿ ತುಂಡಿಗೂ ಒಂದು ಗುರುತಿನ ಸಂಖ್ಯೆ ಲೆಕ್ಕಹಾಕಿ, ಎರಡೂ ಕಡೆಯ ಸಂಖ್ಯೆಗಳನ್ನು ತಾಳೆ ನೋಡಿ, ವ್ಯತ್ಯಾಸವಿರುವ ತುಂಡನ್ನು ಮಾತ್ರ ಕಳುಹಿಸುವುದು. ತಂತಿ ದುಬಾರಿಯಾಗಿದ್ದ ಆ ಕಾಲದಲ್ಲಿ ಅದು ಸಣ್ಣ ಉಳಿತಾಯವಾಗಿರಲಿಲ್ಲ.

ಸೇಡಿಯಾಪು ಎಂಬ ಹೆಸರು

ಕಡತ ತಲಪಿದರೆ ಸಾಲದು, ತೆರೆದಾಗ ಅಕ್ಷರವೂ ಕಾಣಬೇಕು. ಇಲ್ಲಿ ಪುತ್ತೂರಿಗೊಂದು ಗೌರವದ ಸ್ಥಾನವಿದೆ. ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆಯಲು ಮೊದಲ ಹಾದಿ ತೋರಿದವರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಪ್ರಮುಖರು. ಕನ್ನಡದ ಆರಂಭಕಾಲದ ಪದಸಂಸ್ಕಾರಕ ತಂತ್ರಾಂಶವೊಂದನ್ನು ರೂಪಿಸಿ ಅವರು ಅದಕ್ಕಿಟ್ಟ ಹೆಸರು ‘ಸೇಡಿಯಾಪು’. ಪುತ್ತೂರು ತಾಲೂಕಿನಲ್ಲಿ 1902ರಲ್ಲಿ ಹುಟ್ಟಿದ, ಶಬ್ದಾರ್ಥ ಮತ್ತು ಛಂದಸ್ಸಿನ ಮಹಾವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರದು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮಾನಕಕ್ಕೆ ಆಧಾರವಾಯಿತು.

1990ರ ದಶಕದಲ್ಲಿ ನಾಡಿನ ಮುದ್ರಣಾಲಯಗಳೆಲ್ಲ ಮೊಳೆಗಳನ್ನು ಬಿಟ್ಟು ಡಿಟಿಪಿಗೆ ತಿರುಗಿದವು. ಆದರೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಕ್ಷರಸಂಕೇತ. ಒಂದರಲ್ಲಿ ‘ಕ’ ಆಗಿದ್ದದ್ದು ಇನ್ನೊಂದರಲ್ಲಿ ಯಾವುದೋ ಚುಕ್ಕೆ ಗೀಟು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಸೇರಿಸಿಕೊಂಡಿತ್ತಾದರೂ, ಅದು ನಮ್ಮ ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. ಆ ನಡುವೆ ಫ್ಲಾಪಿಗಳಲ್ಲಿ ಉಳಿದ ಎಷ್ಟೋ ಸ್ಮರಣಸಂಚಿಕೆ, ಪ್ರಸಂಗಪುಸ್ತಕಗಳನ್ನು ಇಂದು ತೆರೆದರೆ ಓದಲಾಗದು. ಗರಿ ಉಳಿದು ಲಿಪಿ ಮರೆತ ಹಾಗೆಯೇ ಇದು. ತುಳು ಲಿಪಿಯ ಗತಿ ತಾಳೆಗರಿಗೆ ಆದದ್ದು ಇಪ್ಪತ್ತೇ ವರ್ಷಗಳಲ್ಲಿ ಫ್ಲಾಪಿಗೂ ಆಯಿತು. ಆದ್ದರಿಂದ ಮೋಡಕ್ಕೆ ಕಳುಹಿಸುವ ಮುನ್ನ ಹಳೆಯ ಅಕ್ಷರಸಂಕೇತದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವುದು ಮೊದಲ ಕೆಲಸ.

ಮೋಡ ಬಂದ ಬಗೆ

‘ಮೋಡ’ ಎಂಬ ಹೆಸರು ಕವಿಕಲ್ಪನೆಯಲ್ಲ. ದೂರವಾಣಿ ಮತ್ತು ಕಂಪ್ಯೂಟರ್ ಜಾಲಗಳ ನಕ್ಷೆ ಬರೆಯುವ ಎಂಜಿನಿಯರುಗಳು ತಮಗೆ ವಿವರ ಬೇಡವಾದ ಹೊರಜಾಲವನ್ನು ಒಂದು ಮೋಡದ ಆಕಾರ ಬರೆದು ಸೂಚಿಸುತ್ತಿದ್ದರು. ಆ ಮೋಡದೊಳಗೆ ಏನಿದೆ ಎಂಬುದು ಬಳಸುವವನಿಗೆ ಮುಖ್ಯವಲ್ಲ ಎಂದು ಅರ್ಥ. ನಿಜದಲ್ಲಿ ಅಲ್ಲಿರುವುದು ಆಕಾಶವಲ್ಲ, ನೆಲವೇ. ಭಾರಿ ಕಟ್ಟಡ, ಸಾಲುಸಾಲು ಕಂಪ್ಯೂಟರ್, ಅವನ್ನು ತಣ್ಣಗಿಡುವ ಯಂತ್ರ, ಹೊರಗೆ ಡೀಸೆಲ್ ಜನರೇಟರ್.

2006ರ ಮಾರ್ಚ್ 14ರಂದು ಅಮೆಜಾನ್ ಕಂಪನಿ ತನ್ನ ಉಗ್ರಾಣವನ್ನು ಬಾಡಿಗೆಗೆ ತೆರೆಯಿತು. ಅದಕ್ಕೆ ‘ಎಸ್-3’ ಎಂದು ಹೆಸರು. ಕಡತ ಹಾಕುವ ಪಾತ್ರೆಯನ್ನು ಅವರು ‘ಬಕೆಟ್’ ಎಂದು ಕರೆದರು. ನಮ್ಮ ಕಡೆಯ ಬಾಲ್ದಿ. ಎಷ್ಟು ಜಾಗ ಬಳಸಿದರೆ ಅಷ್ಟಕ್ಕೆ ತಿಂಗಳ ಬಾಡಿಗೆ. ಹಾಕಿದ ಕಡತವನ್ನು ಕಂಪನಿ ತನ್ನ ಹಲವು ಕಟ್ಟಡಗಳಲ್ಲಿ ಹಂಚಿಡುತ್ತದೆ. ಮೊದಲು ಒಂದು ಕಡತ 5 ಗಿಗಾಬೈಟ್ ಮೀರುವಂತಿರಲಿಲ್ಲ. 2010ರಲ್ಲಿ ದೊಡ್ಡ ಕಡತವನ್ನು ತುಂಡುಗಳಾಗಿ ಕಳುಹಿಸಿ ಅಲ್ಲಿ ಜೋಡಿಸುವ ಕ್ರಮ ಬಂತು. 2013ರಲ್ಲಿ ಅಮೆಜಾನ್ ಇದಕ್ಕೆಲ್ಲ ಒಂದೇ ಆಜ್ಞಾಸಾಲಿನ ಸಾಧನವನ್ನು ಕೊಟ್ಟಿತು. 2014ರಲ್ಲಿ ಇಂಗ್ಲೆಂಡಿನ ನಿಕ್ ಕ್ರೇಗ್-ವುಡ್ ಹೊರತಂದ ‘ಆರ್‌ಕ್ಲೋನ್’ ಎಂಬ ಉಚಿತ ಸಾಧನ ಬೇರೆಬೇರೆ ಕಂಪನಿಗಳ ಮೋಡಗಳೊಂದಿಗೆ ಒಂದೇ ಭಾಷೆಯಲ್ಲಿ ಮಾತನಾಡಿತು. 2016ರಲ್ಲಿ ಅಮೆಜಾನ್ ಮುಂಬಯಿಯಲ್ಲೇ ತನ್ನ ಕೇಂದ್ರ ತೆರೆದಾಗ ಮೋಡ ನಮಗೆ ಇನ್ನಷ್ಟು ಹತ್ತಿರವಾಯಿತು.

ಮಳೆಗಾಲದ ಲೆಕ್ಕ

ಇಲ್ಲೊಂದು ಪ್ರಶ್ನೆ ಸಹಜ. ಮೊಬೈಲಿನಲ್ಲಿ ಬೆರಳಾಡಿಸಿ ಫೋಟೋ ಕಳುಹಿಸುವ ಈ ಕಾಲದಲ್ಲಿ ಟೈಪು ಮಾಡಿ ಅಪ್ಪಣೆ ಕೊಡುವ ಹಳೆಯ ಕ್ರಮ ಏಕೆ? ಒಂದು ಲೆಕ್ಕ ನೋಡೋಣ. ಊರಿನ ಗ್ರಂಥಾಲಯವೊಂದರ 250 ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದಾರೆ ಎಂದುಕೊಳ್ಳೋಣ. ಪುಸ್ತಕಕ್ಕೆ 400 ಪುಟ, ಪುಟಕ್ಕೆ 1 ಮೆಗಾಬೈಟ್. ಒಟ್ಟು ಒಂದು ಲಕ್ಷ ಪುಟ, 100 ಗಿಗಾಬೈಟ್. ಹೊರಗೆ ಕಳುಹಿಸುವ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ ಎಡೆಬಿಡದೆ 11 ಗಂಟೆ ಬೇಕು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಆರಂಭಿಸಿದ ಕಾಲದ, ಸೆಕೆಂಡಿಗೆ 28.8 ಕಿಲೋಬಿಟ್ಟಿನ ಮೋಡೆಮ್ಮಿನಲ್ಲಾದರೆ ಹತ್ತು ತಿಂಗಳು ದಾಟುತ್ತಿತ್ತು.

ಹನ್ನೊಂದು ಗಂಟೆ ಎಡೆಬಿಡದ ತಂತಿ ಮತ್ತು ಕರೆಂಟು ಸುಳ್ಯದ ಒಳಊರಿನಲ್ಲಿ, ಸುಬ್ರಹ್ಮಣ್ಯದ ಕಾಡಂಚಿನಲ್ಲಿ, ಅದೂ ಆಟಿ ತಿಂಗಳಲ್ಲಿ ಸಿಕ್ಕೀತೆ? ಅಡಕೆ ಮರ ಮುರಿದು ತಂತಿಯ ಮೇಲೆ ಬೀಳುತ್ತದೆ. ಗುಡುಗು ಶುರುವಾದೊಡನೆ ಮೋಡೆಮ್ಮಿನ ವಯರು ಕಿತ್ತಿಡುವುದು ಇಲ್ಲಿನ ಮನೆಗಳಲ್ಲಿ ಬಾಗಿಲು ಹಾಕುವಷ್ಟೇ ಸಹಜ ಅಭ್ಯಾಸ. ಆಕಾಶದ ಮೋಡ ಕಂಪ್ಯೂಟರಿನ ಮೋಡದ ದಾರಿಯನ್ನು ಕಡಿಯುತ್ತದೆ! ಬ್ರೌಸರಿನ ಕಿಟಕಿಯಲ್ಲಿ ಎಳೆದು ಹಾಕಿದ ಲಕ್ಷ ಕಡತಗಳ ನಡುವೆ ತಂತಿ ಕಡಿದರೆ ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಕಣ್ಣಿನಿಂದ ಎಣಿಸುವುದು ಮನುಷ್ಯರಿಂದ ಆಗದ ಮಾತು.

ಆಜ್ಞೆಯ ಸಾಲಿನ ಬಲ ಇರುವುದು ಇಲ್ಲಿಯೇ. ‘ಆರ್‌ಕ್ಲೋನ್ ಕಾಪಿ’ ಎಂದು ಬರೆದು, ಮೊದಲು ಮನೆಯ ಕಂಪ್ಯೂಟರಿನ ಕಪಾಟಿನ ಹೆಸರು, ಆಮೇಲೆ ಮೋಡದ ಬಾಲ್ದಿಯ ಹೆಸರು ಕೊಟ್ಟರೆ ಮುಗಿಯಿತು. ತಂತಿ ಕಡಿದರೆ ಮತ್ತೆ ಅದೇ ಸಾಲನ್ನು ಕೊಡಿ. ಅದು ಎರಡೂ ಕಡೆಯ ಪಟ್ಟಿಯನ್ನು ತಾಳೆ ನೋಡಿ, ತಲಪಿದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳುಹಿಸುತ್ತದೆ. ಆ ಸಾಲನ್ನು ಒಂದು ಕಾಗದದಲ್ಲಿ ಬರೆದಿಟ್ಟರೆ ನಾಳೆ ಇನ್ನೊಬ್ಬರೂ ಅದನ್ನೇ ಮಾಡಬಹುದು. ರಾತ್ರಿ ಎರಡು ಗಂಟೆಗೆ ತಾನಾಗಿ ನಡೆಯುವಂತೆ ಯಂತ್ರಕ್ಕೆ ಹೇಳಿಡಬಹುದು.

ಲಿಪಿಕಾರನ ಎರಡನೆಯ ಚಿಂತೆ ಶುದ್ಧತೆ. ಕಂಡದ್ದು ಕಂಡಂತೆಯೇ ತಲಪಿತೆ? ಇದಕ್ಕೆ ಕಂಪ್ಯೂಟರ್ ಪ್ರತಿ ಕಡತದ ಎಲ್ಲ ಅಂಕಿಗಳನ್ನೂ ಒಂದು ಗಣಿತಸೂತ್ರದಲ್ಲಿ ಹಾಯಿಸಿ ಚಿಕ್ಕದೊಂದು ಗುರುತನ್ನು ಪಡೆಯುತ್ತದೆ. ಮನುಷ್ಯನ ಬೆರಳಚ್ಚಿನಂತೆ ಇದು. ಇಡೀ ಪುಸ್ತಕದಲ್ಲಿ ಒಂದು ಸೊನ್ನೆ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಎರಡೂ ಕಡೆಯ ಬೆರಳಚ್ಚು ಹೊಂದಿದರೆ ಪ್ರತಿ ಶುದ್ಧ. ರಿಜಿಸ್ಟರ್ ಅಂಚೆಯಲ್ಲಿ ಸಹಿಯಾಗಿ ಹಿಂದಿರುಗುವ ರಸೀದಿ ಇದ್ದ ಹಾಗೆ. ಆದರೆ ರಸೀದಿ ಲಕೋಟೆ ತಲಪಿದ್ದನ್ನಷ್ಟೇ ಹೇಳುತ್ತದೆ, ಇದು ಒಳಗಿನ ಅಕ್ಷರ ಅಕ್ಷರಕ್ಕೂ ಜವಾಬು ಹೇಳುತ್ತದೆ.

ಅಳಿಸುವ ಅಪ್ಪಣೆ

ಆಜ್ಞಾಸಾಲಿಗೆ ಒಂದು ಗುಣವಿದೆ, ಅದೇ ಅದರ ದೋಷವೂ ಹೌದು: ಹೇಳಿದ್ದನ್ನು ಮರುಮಾತಿಲ್ಲದೆ ಮಾಡುತ್ತದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ಯಾರೋ ತಪ್ಪಾದ ಜಾಗದಲ್ಲಿ ‘ಆರ್‌ಎಂ’ ಅಪ್ಪಣೆ ಕೊಟ್ಟರು. ಚಿತ್ರದ ಕಡತಗಳಲ್ಲಿ ಬಹುಪಾಲು ಕಣ್ಣೆದುರಿಗೇ ಮಾಯವಾದವು. ಕಾಪಿಟ್ಟ ಪ್ರತಿಯೂ ಕೆಟ್ಟಿತ್ತು. ಆಗ ಚಿತ್ರದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರಿಗೆ ನೆನಪಾಯಿತು: ಬಾಣಂತನದ ಕಾರಣ ಮನೆಯಿಂದಲೇ ಕೆಲಸ ಮಾಡಲು ಅವರು ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಕೂಸಿನಂತೆ ಕಾಪಾಡಿ ತಂದರು. ಕೋಟಿಗಟ್ಟಲೆ ಡಾಲರಿನ ಚಿತ್ರ ಒಬ್ಬ ತಾಯಿಯ ಮನೆಯ ಪ್ರತಿಯಿಂದ ಉಳಿಯಿತು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರ್ ಬೇರೆ ಯಂತ್ರಕ್ಕೆ ಕೊಡಬೇಕಾದ ಅಳಿಸುವ ಅಪ್ಪಣೆಯನ್ನು ಮುಖ್ಯ ಯಂತ್ರಕ್ಕೆ ಕೊಟ್ಟ. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿ ಅಳಿಸಿಹೋಗಿತ್ತು. ಪ್ರತಿ ಇಡುವ ಏರ್ಪಾಡುಗಳು ಹಲವಿದ್ದವು. ಹುಡುಕಿದರೆ ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ಮರಳಿ ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ ಎಂಬುದು ಇದರ ನೀತಿ.

ಇದಕ್ಕಿಂತ ನವಿರಾದ ಅಪಾಯ ‘ಸಿಂಕ್’ ಎಂಬ ಅಪ್ಪಣೆಯದು. ‘ಕಾಪಿ’ ಹೊಸದನ್ನು, ಬದಲಾದದ್ದನ್ನು ಕಳುಹಿಸುತ್ತದೆ ಅಷ್ಟೆ. ‘ಸಿಂಕ್’ ಆದರೋ ಎರಡು ಕಡೆಯನ್ನೂ ಒಂದೇ ಆಗಿಸಲು ಹೊರಡುತ್ತದೆ. ಆರ್‌ಕ್ಲೋನಿನಲ್ಲಿ ನೀವು ಮನೆಯಲ್ಲಿ ತಪ್ಪಿ ಒಂದು ಕಪಾಟು ಅಳಿಸಿ ಆ ಅಪ್ಪಣೆ ಕೊಟ್ಟರೆ ಮೋಡದಲ್ಲಿರುವ ಪ್ರತಿಯೂ ಅಳಿಯುತ್ತದೆ. ಕನ್ನಡಿಯ ಬಿಂಬಕ್ಕೂ ಕಾಪಿಟ್ಟ ಪ್ರತಿಗೂ ಇರುವ ಅಂತರ ಇದು. ಆದ್ದರಿಂದಲೇ, ಏನನ್ನೂ ಮಾಡದೆ ಏನು ಮಾಡಲಿದ್ದೇನೆ ಎಂದಷ್ಟೇ ಹೇಳುವ ‘ಡ್ರೈ ರನ್’ ಎಂಬ ಸೌಲಭ್ಯ ಈ ಸಾಧನಗಳಲ್ಲಿದೆ; ಅಳಿಸಿದರೂ ಹಳೆಯ ಆವೃತ್ತಿಯನ್ನು ಉಳಿಸಿಕೊಳ್ಳುವ ಏರ್ಪಾಡು ಮೋಡದಲ್ಲಿದೆ. ಎರಡನ್ನೂ ನಾವಾಗಿ ಕೇಳಿ ಪಡೆಯಬೇಕು.

ಮೋಡಕ್ಕೆ ಬೆಂಕಿ ತಾಗದೆಂದು ತಿಳಿದವರಿಗೂ ಪಾಠವಾಗಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರವೊಂದು ಸುಟ್ಟು ಕರಕಲಾಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಗಳಿಂದ ಹೊತ್ತಿದ ಬೆಂಕಿ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಮೋಡವನ್ನೇ ನುಂಗಿತು. 858 ಟೆರಾಬೈಟ್ ಹೋಯಿತು. ಗಾತ್ರ ತೀರ ದೊಡ್ಡದೆಂಬ ಕಾರಣಕ್ಕೆ ಬೇರೆಡೆ ಪ್ರತಿ ಇಟ್ಟಿರಲಿಲ್ಲ. 1837ರ ಮಂಗಳೂರಿನ ಕಚೇರಿಗೂ ಇದಕ್ಕೂ ನಡುವೆ 188 ವರ್ಷಗಳ ಅಂತರವಿದೆ. ತಪ್ಪಿನಲ್ಲಿ ಮಾತ್ರ ಅಂತರವಿಲ್ಲ.

ಕೀಲಿ ಯಾರ ಕೈಯಲ್ಲಿ?

ನಮ್ಮ ನಾಡಿನ ದೊಡ್ಡ ಕಡತ ಪಯಣವೆಂದರೆ ಪಹಣಿಯದು. ‘ಭೂಮಿ’ ಯೋಜನೆಯಡಿ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಕೈಬರಹದ ಪಹಣಿಗೆ ವಿದಾಯ ಹೇಳಲಾಯಿತು. ಮೊದಲು ತಾಲೂಕು ಕಚೇರಿಯ ಯಂತ್ರದಲ್ಲೇ ಇದ್ದ ದಾಖಲೆ ಮುಂದೆ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿತು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ ಕಡಬವನ್ನು ಹೊಸ ತಾಲೂಕು ಮಾಡಿದಾಗ 1834ರಂತೆಯೇ ಮತ್ತೊಮ್ಮೆ ಊರು ಕದಲದೆ ದಾಖಲೆ ಕದಲಿತು. ವ್ಯತ್ಯಾಸವಿಷ್ಟೇ: ಕಂಪ್ಯೂಟರಿನಲ್ಲಿರುವ ಪಹಣಿಗೆ ತಾಲೂಕಿನ ಹೆಸರು ಬದಲಿಸಿದರೆ ಸಾಕು, ಹಳೆಯ ಕಾಗದದ ಕಟ್ಟನ್ನಾದರೆ ಹೊತ್ತೇ ಒಯ್ಯಬೇಕು. ಆ ಹಳೆಯ ಕಟ್ಟುಗಳನ್ನೂ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ಕೈಗೆತ್ತಿಕೊಂಡಿತು.

ಸರ್ಕಾರದ ಕಡತಕ್ಕೆ ಸರ್ಕಾರವಿದೆ. ಮನೆಯ ಓಲೆಗರಿಗೆ, ಸಂಘದ ಹಳೆಯ ಸಂಚಿಕೆಗೆ, ಅಜ್ಜಿಯ ಪಾಡ್ದನಕ್ಕೆ ಯಾರು? ಬೆಂಗಳೂರಿನ ಓಂಶಿವಪ್ರಕಾಶ್ ಮತ್ತು ಗೆಳೆಯರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಕನ್ನಡದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಮೆರಿಕದ ‘ಇಂಟರ್‌ನೆಟ್ ಆರ್ಕೈವ್’ಗೆ ಏರಿಸುತ್ತ ಬಂದಿರುವುದು ಒಂದು ಉತ್ತರ. 1996ರಲ್ಲಿ ಬ್ರೂಸ್ಟರ್ ಕೇಲ್ ಆರಂಭಿಸಿದ ಈ ಸಾರ್ವಜನಿಕ ಭಂಡಾರಕ್ಕೆ ಪುಸ್ತಕ ಕಳುಹಿಸಲು ಆಜ್ಞಾಸಾಲಿನ ಸಾಧನವೂ ಇದೆ. ಬಾಡಿಗೆಯ ಮೋಡಕ್ಕೂ ಇದಕ್ಕೂ ವ್ಯತ್ಯಾಸ ಗಮನಿಸಬೇಕು. ಬಾಡಿಗೆಯ ಉಗ್ರಾಣದಲ್ಲಿ ತಿಂಗಳ ಹಣ ನಿಂತರೆ ಒಂದು ದಿನ ಬಾಲ್ದಿ ಖಾಲಿಯಾಗುತ್ತದೆ. ಗುಟ್ಟಿನ ಪದ ತಿಳಿದ ಒಬ್ಬರೇ ಯಜಮಾನರು ಅದನ್ನು ಯಾರಿಗೂ ಹೇಳದೆ ತೀರಿಕೊಂಡರೆ, ಮನೆಯವರಿಗೆ ಉಳಿಯುವುದು ಕೀಲಿ ಕಳೆದ ಪೆಟ್ಟಿಗೆ. ಹಾಗೆಂದು ಎಲ್ಲವನ್ನೂ ಸಾರ್ವಜನಿಕ ಭಂಡಾರಕ್ಕೆ ಹಾಕಲೂ ಆಗದು. ಹಕ್ಕುಸ್ವಾಮ್ಯವಿರುವ ಪುಸ್ತಕಕ್ಕೆ ಲೇಖಕರ ಒಪ್ಪಿಗೆ ಬೇಕು. ಮನೆಯ ಗುಟ್ಟಿನ ಕಾಗದಕ್ಕೆ ಮನೆಯವರದು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಒಂದು ಸೂತ್ರ ಈಗ ಈ ಕ್ಷೇತ್ರದಲ್ಲಿ ಗಾದೆಯಂತಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಮನೆಯ ಕಂಪ್ಯೂಟರಿನಲ್ಲಿ ಒಂದು, ಕಪಾಟಿನ ಡಿಸ್ಕಿನಲ್ಲಿ ಒಂದು, ಮೋಡದಲ್ಲಿ ಒಂದು. ಇದಕ್ಕೆ ನಮ್ಮ ಸೀಮೆಯ ಚರಿತ್ರೆ ಇನ್ನೆರಡು ಮಾತು ಸೇರಿಸುತ್ತದೆ. ಓದಲು ಬರುವ ಲಿಪಿಯಲ್ಲಿಡಿ. ಕೀಲಿ ಎಲ್ಲಿದೆಯೆಂದು ಮುಂದಿನ ತಲೆಮಾರಿಗೆ ಹೇಳಿಡಿ.

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿವೆ, ಮರದ ಪೆಟ್ಟಿಗೆಗಳಲ್ಲಿ ಬೂಷ್ಟು ಹಿಡಿಯುತ್ತಿರುವ ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಒಂದೇ ಪ್ರತಿ. ಪ್ರತಿ ಮಳೆಗಾಲವೂ ಅವುಗಳಿಂದ ಒಂದಿಷ್ಟು ಅಕ್ಷರವನ್ನು, ಒಂದಿಷ್ಟು ಧ್ವನಿಯನ್ನು ಸದ್ದಿಲ್ಲದೆ ಅಳಿಸುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಉಳಿಸುವುದಕ್ಕಾದರೆ ಯಾರಾದರೊಬ್ಬರು ಕೂತು ಒಂದು ಸಾಲು ಬರೆಯಬೇಕು.